ಹಳೆಯ ಗೇಮ್ ಬಾಯ್: ಮೊದಲ ಒಂದು ನಿಮಿಷದ ರಿಪೇರಿ

ಗೇಮ್ ಬಾಯ್ ಎಂದರೆ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ. ಅದು ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ನಿಮಿಷ ಸಾಕು. ಮೇಲಿನ ಸ್ವಿಚ್ ಸರಿಸಿದರೆ ಟಕ್ ಎಂದು ಬೆರಳಿಗೆ ಗೊತ್ತಾಗಬೇಕು. ಸ್ಕ್ರೀನಿನ ಎಡಕ್ಕೆ ಪುಟ್ಟ ಕೆಂಪು ದೀಪ ಹೊತ್ತಬೇಕು. ನಿಂಟೆಂಡೊ ಎಂಬ ಹೆಸರು ಮೇಲಿನಿಂದ ನಿಧಾನವಾಗಿ ಇಳಿದು ನಡುವೆ ನಿಲ್ಲಬೇಕು. ಆಮೇಲೆ ಆ 'ಟಿಂಗ್'. ಅದಾದ ಮೇಲೆ ಆಟದ ಮೊದಲ ಪರದೆ. ಚಿಕ್ಕಂದಿನಲ್ಲಿ ಇದನ್ನು ಮೊದಲ ಸಲ ಕೈಯಲ್ಲಿ ಹಿಡಿದವರಿಗೆ ಮೈ ಜುಮ್ ಎಂದದ್ದು ಆಟ ಶುರುವಾಗುವ ಮೊದಲೇ, ಈ ನಿಮಿಷದಲ್ಲೇ.

ಮೇಜಿನ ಮೇಲಿದ್ದ ಯಂತ್ರದಲ್ಲಿ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ. ಅದು ಗೆಳೆಯನದು. 1989ರಲ್ಲಿ ಬಂದ ಮೊದಲ ಮಾದರಿ, ಡಿಎಂಜಿ-01. ಬೂದು ಬಣ್ಣದ ಪ್ಲಾಸ್ಟಿಕ್ ಹಳದಿಗೆ ತಿರುಗಿದೆ. ಒಳಗಿದ್ದ ಸೆಲ್ ತೆಗೆಯದೆ ಯಾರೋ ಎತ್ತಿಟ್ಟು ಮರೆತಿದ್ದಾರೆ. ಕೊಡುವಾಗಲೇ ಗೆಳೆಯ ಹೇಳಿದ: "ಹೇಗೂ ಬಿಚ್ತೀಯಲ್ಲ, ಒಂದು ಐಪಿಎಸ್ ಸ್ಕ್ರೀನ್ ಹಾಕಿಬಿಡೋ. ಚೆನ್ನಾಗಿ ಬೆಳಕು ಬರುತ್ತೆ." ಹಾಕಬಹುದು, ಹಿಂದಿನಿಂದ ಬೆಳಕು ಬರುವ ಆ ಹೊಸ ಬಗೆಯ ಸ್ಕ್ರೀನಿಗೆಂದೇ ಕಿಟ್ ಸಿಗುತ್ತವೆ. ನಾನು ಬೇಡ ಎಂದೆ. ಆ ಮೊದಲ ನಿಮಿಷ ಹೇಗಿತ್ತೋ ಹಾಗೇ ವಾಪಸ್ ಬರಬೇಕು, ಅದಕ್ಕಿಂತ ಚೆನ್ನಾಗಿ ಆಗುವುದೂ ಬೇಡ ಎಂದು ಷರತ್ತು ಹಾಕಿಯೇ ಕೆಲಸ ಹಿಡಿದೆ.

ಸೆಲ್ ಮತ್ತು ಸ್ವಿಚ್

ಈ ಯಂತ್ರಕ್ಕೆ ನಾಲ್ಕು ಎಎ ಸೆಲ್ ಬೇಕು. ಒಂದೊಂದು 1.5 ವೋಲ್ಟ್, ಒಟ್ಟು 6 ವೋಲ್ಟ್. ಮುಚ್ಚಳ ತೆಗೆದರೆ ಎರಡು ಸೆಲ್ಲುಗಳ ಬುಡದಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಆಲ್ಕಲೈನ್ ಸೆಲ್ ಕಾರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಗಾಳಿ ತಾಕಿ ಹೀಗೆ ಬಿಳಿ ಹೊಪ್ಪಳೆಯಾಗುತ್ತದೆ. ಚರ್ಮಕ್ಕೆ ಒಳ್ಳೆಯದಲ್ಲ, ಗ್ಲೌಸ್ ಹಾಕಿಕೊಳ್ಳಿ. ಇದು ಕ್ಷಾರ, ಹಾಗಾಗಿ ಸ್ವಲ್ಪ ಆಮ್ಲದಿಂದಲೇ ಹೋಗುತ್ತದೆ. ಇಯರ್ ಬಡ್‌ಗೆ ವಿನೆಗರ್ ಅದ್ದಿ ಒತ್ತಿದರೆ ಸಣ್ಣಗೆ ಬುಸುಗುಟ್ಟುತ್ತಾ ಕರಗುತ್ತದೆ. ಬುಸುಗುಟ್ಟುವುದು ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದೆ. ವಿನೆಗರ್ ಒಳಗೆ ಉಳಿಯಬಾರದು. ಉಳಿದರೆ ಅದೇ ಇನ್ನೊಂದು ತುಕ್ಕಿಗೆ ದಾರಿ.

ಒಂದು ಸ್ಪ್ರಿಂಗ್ ಮಾತ್ರ ಪೂರ್ತಿ ತಿಂದುಹೋಗಿತ್ತು. ಕೆಟ್ಟ ರಿಮೋಟಿನಿಂದ ಅದೇ ಅಳತೆಯದೊಂದನ್ನು ಕಿತ್ತು ಹಾಕಿದೆ.

ಹೊಸ ಸೆಲ್ ಹಾಕಿದರೂ ದೀಪ ಹೊತ್ತಲಿಲ್ಲ. ಮಲ್ಟಿಮೀಟರ್ ಹಿಡಿದರೆ ಸೆಲ್ಲಿನ ಕಡೆ 6 ವೋಲ್ಟ್ ಇದೆ, ಸ್ವಿಚ್ ದಾಟಿದ ಮೇಲೆ 4 ಕೂಡ ಇಲ್ಲ. ಇದು ಈ ಮಾದರಿಯಲ್ಲಿ ಮತ್ತೆ ಮತ್ತೆ ಸಿಗುವ ಕಾಯಿಲೆ. ಸ್ವಿಚ್ಚಿನ ಒಳಗಿನ ಲೋಹ ಕಪ್ಪಾಗಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಕೆಲವೊಮ್ಮೆ ಯಂತ್ರ ಆನ್ ಆಗಿ, ಸ್ವಲ್ಪ ಅಲುಗಿಸಿದರೆ ರೀಸೆಟ್ ಆಗುತ್ತದೆ. ಜನ ಬೋರ್ಡೇ ಹೋಯಿತು ಅಂದುಕೊಂಡು ಎಸೆಯುತ್ತಾರೆ. ಎಸೆಯಬೇಡಿ. ಸೆಲ್ ತೆಗೆದು, ಸ್ವಿಚ್ಚಿನ ಸಂದಿಗೆ ಆಲ್ಕೋಹಾಲ್ ಎರಡು ಹನಿ ಬಿಟ್ಟು, ಬೆರಳು ನೋಯುವವರೆಗೂ ಆಚೆ ಈಚೆ ಎಳೆದಾಡಿದೆ. ಒಣಗಿದ ಮೇಲೆ ದೀಪ ಹೊತ್ತಿತು.

ಈ ದೀಪದ ಬಗ್ಗೆ ಒಂದು ಮಾತು. ಅದರ ಪಕ್ಕ ಬ್ಯಾಟರಿ ಎಂದು ಬರೆದಿದೆ. ಸೆಲ್ ಸೋಲುತ್ತಾ ಬಂದಂತೆ ಅದೂ ಮಂಕಾಗುತ್ತದೆ. ಪರ್ಸೆಂಟ್ ಲೆಕ್ಕ ಇಲ್ಲ, ಎಚ್ಚರಿಕೆಯ ಸದ್ದಿಲ್ಲ. ಆಟದ ಕೊನೆಯ ಹಂತದಲ್ಲಿ ಒಂದು ಕಣ್ಣು ಸ್ಕ್ರೀನಿನ ಮೇಲೆ, ಇನ್ನೊಂದು ಕಣ್ಣು ಈ ಕೆಂಪು ಚುಕ್ಕೆಯ ಮೇಲೆ. ಅರ್ಧ ಭಯ ಶತ್ರುವಿನದು, ಅರ್ಧ ಭಯ ಸೆಲ್ಲಿನದು.

ಇನ್ನೊಂದು ವಿಷಯ, ಅಡಾಪ್ಟರ್ ಹಾಕಿ ನೋಡೋಣ ಎನ್ನುವವರಿಗೆ. ಇದರ 6 ವೋಲ್ಟ್ ಜಾಕಿನಲ್ಲಿ ನಡುವಿನ ಪಿನ್ ನೆಗೆಟಿವ್. ಇವತ್ತು ಮನೆಯಲ್ಲಿರುವ ಬಹುಪಾಲು ಅಡಾಪ್ಟರ್‌ಗಳಲ್ಲಿ ನಡುವಿನದು ಪಾಸಿಟಿವ್. ಸುಮ್ನೆ ಸೆಲ್ ಹಾಕಿಯೇ ಪರೀಕ್ಷೆ ಮಾಡಿ.

ಬಿಚ್ಚಿದಾಗ

ಹಿಂಭಾಗದ ಸ್ಕ್ರೂಗಳ ತಲೆಯಲ್ಲಿ ಮೂರು ಕವಲಿನ ತೋಡು ಇರುತ್ತದೆ. ಅದಕ್ಕೆ ಟ್ರೈ-ವಿಂಗ್ ಸ್ಕ್ರೂಡ್ರೈವರ್ ಬೇಕು. ಎರಡು ಸ್ಕ್ರೂ ಸೆಲ್ಲಿನ ಗೂಡಿನ ಒಳಗೆ ಅಡಗಿವೆ, ಅವನ್ನು ಮರೆತು ಜಗ್ಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ಎರಡು ಭಾಗ ಬೇರೆಯಾದಾಗ ನಡುವೆ ಒಂದು ರಿಬ್ಬನ್ ಇರುತ್ತದೆ. ಅದನ್ನು ಓರೆಯಾಗಿ ಎಳೆಯದೆ ನೇರವಾಗಿ ಬಿಡಿಸಬೇಕು. ಮುಂದಿನ ಭಾಗದಲ್ಲಿ ಸ್ಕ್ರೀನ್, ಬಟನ್, ಸ್ಪೀಕರ್. ಹಿಂದಿನ ಭಾಗದಲ್ಲಿ ಪ್ರೊಸೆಸರ್, ಮೆಮೊರಿ, ಆಟ ತುಂಬಿದ ಡಬ್ಬಿ ಅಂದರೆ ಕಾರ್ಟ್ರಿಜ್ ಕೂರುವ ಜಾಗ.

ಒಳಗಿರುವುದು ಎಷ್ಟು ಕಡಿಮೆ ಎಂದು ನೋಡಿದರೆ ಈಗಲೂ ನಗು ಬರುತ್ತದೆ. 8 ಬಿಟ್‌ನ ಪ್ರೊಸೆಸರ್, ವೇಗ 4.19 ಮೆಗಾಹರ್ಟ್ಸ್. ಕೆಲಸಕ್ಕೆ 8 ಕೆಬಿ ಮೆಮೊರಿ, ಚಿತ್ರಕ್ಕೆ ಇನ್ನೊಂದು 8 ಕೆಬಿ. ಸ್ಕ್ರೀನಿನಲ್ಲಿ ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ 144. ಬಣ್ಣ ಇಲ್ಲ, ನಾಲ್ಕು ಛಾಯೆ ಮಾತ್ರ. ಇದನ್ನು ರೂಪಿಸಿದ ತಂಡದ ಮುಂದಾಳು ಗುನ್ಪೇ ಯೊಕೊಯಿ. ಹೊಸ ದುಬಾರಿ ತಂತ್ರಜ್ಞಾನದ ಹಿಂದೆ ಓಡುವ ಬದಲು, ಹಳತಾಗಿ ಅಗ್ಗವಾದದ್ದನ್ನು ಹೊಸ ರೀತಿ ಬಳಸಬೇಕು ಎಂಬುದು ಅವರ ನಂಬಿಕೆ. 1990ರಲ್ಲಿ ಸೇಗಾದ ಗೇಮ್ ಗೇರ್ ಬಂತು. ಅದರಲ್ಲಿ ಬಣ್ಣ, ಹಿಂದಿನಿಂದ ಬೆಳಕು, ಎಲ್ಲ ಇತ್ತು. ಆದರೆ ಆರು ಸೆಲ್ ಹಾಕಿದರೂ ಕೆಲವೇ ಗಂಟೆಗಳಲ್ಲಿ ಖಾಲಿ. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆ ದಾಟಿಸುತ್ತಿತ್ತು. ಮಾರಾಟದಲ್ಲಿ ಗೆದ್ದದ್ದೂ ಅದೇ.

ಕಪ್ಪು ಪಟ್ಟಿ ಇಳಿದು ಬಂತು

ದೀಪ ಬಂದ ಮೇಲೆ, ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬುವ ಟೆಟ್ರಿಸ್ ಆಟದ ಕಾರ್ಟ್ರಿಜ್ ಹಾಕಿ ಆನ್ ಮಾಡಿದೆ. ಹೆಸರಿನ ಬದಲು ಒಂದು ಕಪ್ಪು ಪಟ್ಟಿ ಇಳಿದು ಬಂತು. 'ಟಿಂಗ್' ಕೂಡ ಕೇಳಿಸಿತು. ಅಲ್ಲಿಗೇ ನಿಂತಿತು.

ಇದನ್ನು ನೋಡಿ ಗೆಳೆಯನ ಮುಖ ಬಾಡಿತು, ನನಗೆ ಖುಷಿಯಾಯಿತು. ಯಾಕೆಂದರೆ ಇದು ಯಂತ್ರ ಸತ್ತಿಲ್ಲ ಎನ್ನುವುದಕ್ಕೆ ಸಾಕ್ಷಿ. ಗೇಮ್ ಬಾಯ್ ಒಳಗೆ 256 ಬೈಟ್‌ಗಳ ಒಂದು ಪುಟ್ಟ ಪ್ರೋಗ್ರಾಂ ಇದೆ. ಆನ್ ಮಾಡಿದ ಕೂಡಲೇ ಅದು ಕಾರ್ಟ್ರಿಜ್‌ನಿಂದ 48 ಬೈಟ್ ಓದುತ್ತದೆ. ಆ 48 ಬೈಟ್‌ಗಳೇ ಪರದೆಯ ಮೇಲೆ ಇಳಿಯುವ ಹೆಸರಿನ ಚಿತ್ರ. ಅಂದರೆ ನಾವು ನೋಡುವ ಹೆಸರು ಯಂತ್ರದಿಂದ ಬಂದದ್ದಲ್ಲ, ಕಾರ್ಟ್ರಿಜ್‌ನಿಂದ ಬಂದದ್ದು. ಇಳಿದು ನಿಂತು, ಸದ್ದು ಮಾಡಿದ ಮೇಲೆ, ಯಂತ್ರ ತನ್ನ ಬಳಿ ಇರುವ ಪ್ರತಿಯ ಜೊತೆ ಅದನ್ನು ಹೋಲಿಸುತ್ತದೆ. ಒಂದು ಬೈಟ್ ತಪ್ಪಿದರೂ ಮುಂದೆ ಹೋಗುವುದಿಲ್ಲ. ಅನುಮತಿ ಇಲ್ಲದೆ ಆಟ ಮಾಡುವವರು ಆ ಹೆಸರನ್ನು ತಮ್ಮ ಕಾರ್ಟ್ರಿಜ್‌ನಲ್ಲಿ ಇಡಲೇಬೇಕು, ಇಟ್ಟರೆ ಟ್ರೇಡ್‌ಮಾರ್ಕ್ ಕೇಸಿಗೆ ಸಿಕ್ಕಿಬೀಳುತ್ತಾರೆ. ಜಾಣ ಉಪಾಯ, ಅಲ್ವಾ?

ಕಾರ್ಟ್ರಿಜ್ ಇಲ್ಲದಿದ್ದರೆ ಅಥವಾ ಅದರ ಪಿನ್ ತಾಗದಿದ್ದರೆ ಯಂತ್ರಕ್ಕೆ ಎಲ್ಲ ಕಡೆ ಒಂದೇ ಅಂಕಿ ಕಾಣುತ್ತದೆ. ಅದನ್ನೇ ಬರೆದು ತೋರಿಸಿದಾಗ ಕಪ್ಪು ಪಟ್ಟಿ. ಅದರ ಪಕ್ಕ ಟ್ರೇಡ್‌ಮಾರ್ಕಿನ ಪುಟ್ಟ ವೃತ್ತ ಮಾತ್ರ ಚೊಕ್ಕವಾಗಿ ಕಾಣುತ್ತಿತ್ತು. ಆ ಗುರುತು ಯಂತ್ರದ ಒಳಗೇ ಇರುವುದರಿಂದ ಕಾರ್ಟ್ರಿಜ್ ಕೊಳೆಯಾದರೂ ಅದಕ್ಕೇನೂ ಆಗುವುದಿಲ್ಲ. ಹೆಸರು ಅರ್ಧಂಬರ್ಧ ಕಲಸಿಕೊಂಡು ಬಂದರೆ ಕೆಲವು ಪಿನ್ ಮಾತ್ರ ಕೊಳೆ ಎಂದರ್ಥ. ಹೀಗೆ ಈ ಲೋಗೊ ಒಂದು ಒಳ್ಳೆಯ ಪರೀಕ್ಷಾ ಸಾಧನ.

ಈಗ ಊದುವ ವಿಷಯ. ನಮ್ಮ ತಲೆಮಾರಿನವರೆಲ್ಲ ಕಾರ್ಟ್ರಿಜ್ ಊದಿದವರೇ. ಊದಿದ ಮೇಲೆ ಆಟ ಶುರುವಾಗುತ್ತಿತ್ತು, ಹಾಗಾಗಿ ನಂಬಿಕೆ ಗಟ್ಟಿಯಾಯಿತು. ಕೆಲಸ ಮಾಡುತ್ತಿದ್ದದ್ದು ಉಸಿರಲ್ಲ, ತೆಗೆದು ಮತ್ತೆ ಕೂರಿಸಿದ್ದು. ಹಾಗೆ ಮಾಡಿದಾಗ ಪಿನ್ ಒಂದಕ್ಕೊಂದು ಉಜ್ಜಿ ಹೊಸ ಜಾಗದಲ್ಲಿ ತಾಗುತ್ತವೆ. ಊದಿದಾಗ ಹೋಗುವ ಎಂಜಲ ತೇವ ಲೋಹಕ್ಕೆ ಕೆಟ್ಟದ್ದೇ ಮಾಡುತ್ತದೆ. ಇಯರ್ ಬಡ್, ಆಲ್ಕೋಹಾಲ್, ಸ್ವಲ್ಪ ತಾಳ್ಮೆ ಸಾಕು. ಬಡ್ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿದೆ. ರಬ್ಬರ್ ಹಾಕಿ ಉಜ್ಜುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ಮೇಲಿನ ಚಿನ್ನದ ಲೇಪ ಸವೆಯುತ್ತದೆ.

ಯಂತ್ರದ ಕಡೆಯ ಪಿನ್‌ಗಳನ್ನು ಒರೆಸಲು ತೆಳು ರಟ್ಟಿಗೆ ಬಟ್ಟೆ ಸುತ್ತಿ, ಆಲ್ಕೋಹಾಲ್ ಅದ್ದಿ, ಕಾರ್ಟ್ರಿಜ್ ತೂರಿಸುವ ಹಾಗೆ ಒಳಗೆ ಹೊರಗೆ ಮಾಡಿದೆ. ಮತ್ತೆ ಆನ್ ಮಾಡಿದರೆ ಹೆಸರು ಪೂರ್ತಿಯಾಗಿ ಇಳಿಯಿತು. ಟೆಟ್ರಿಸ್‌ನ ಮೊದಲ ಪರದೆ ಬಂತು. ಆದರೆ ಆ ಪರದೆಯ ತುಂಬ ಬಿಳಿ ಗೀಟು.

ಸ್ಕ್ರೀನಿನ ಗೀಟುಗಳು

ಮೇಲಿಂದ ಕೆಳಗೆ ಹತ್ತಾರು ಖಾಲಿ ಗೀಟು. ಹಳೆಯ ಗೇಮ್ ಬಾಯ್ ತೆಗೆದುಕೊಂಡವರಿಗೆ ಇದು ಗೊತ್ತಿರುವ ಕಾಟ. ಸ್ಕ್ರೀನಿನಲ್ಲಿ ಚುಕ್ಕಿಗಳ 160 ಉದ್ದ ಸಾಲು, ಅಂದರೆ ಕಂಬ, ಇವೆ. ಪ್ರತಿ ಕಂಬಕ್ಕೂ ಒಂದೊಂದು ಸಣ್ಣ ತಂತಿ ಬೇಕು. ಆ ತಂತಿಗಳೆಲ್ಲ ಒಂದು ತೆಳು ರಿಬ್ಬನ್‌ನಲ್ಲಿ ಸ್ಕ್ರೀನಿನ ಕೆಳಗಿನ ಅಂಚಿಗೆ ಬರುತ್ತವೆ. ಅಲ್ಲಿ ಬೆಸುಗೆ ಇಲ್ಲ, ಕರೆಂಟ್ ಹರಿಯುವ ಅಂಟು ಇದೆ. ವರ್ಷಗಳು ಕಳೆದಂತೆ ಅಂಟು ಸಡಿಲವಾಗುತ್ತದೆ. ಎಲ್ಲಿ ಸಡಿಲವೋ ಅಲ್ಲಿನ ಕಂಬ ಆರಿಹೋಗುತ್ತದೆ. ಅಡ್ಡ ಗೀಟು ಬಂದಿದ್ದರೆ ತೊಂದರೆ ಪಕ್ಕದ ರಿಬ್ಬನ್‌ನಲ್ಲಿ. ಅದು ಕಷ್ಟದ ಕೆಲಸ. ಉದ್ದ ಗೀಟು ಮಾತ್ರ ಮನೆಯಲ್ಲೇ ಸರಿ ಮಾಡಬಹುದು.

ಮುಂದಿನ ಬೋರ್ಡಿನ ಸ್ಕ್ರೂ ತೆಗೆದು ಮೆಲ್ಲಗೆ ಎತ್ತಿದೆ. ಸ್ಪೀಕರಿನ ತಂತಿ ಗಿಡ್ಡ, ಜೋಪಾನ. ಸ್ಕ್ರೀನಿನ ಕೆಳ ಅಂಚಿನ ಮೇಲಿದ್ದ ಮೆತ್ತನೆಯ ಪಟ್ಟಿ ಬಿಡಿಸಿದರೆ ರಿಬ್ಬನ್ ಕಾಣುತ್ತದೆ. ಅದರ ಮೇಲೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿದೆ. ಆಮೇಲೆ ಎರಡೂ ಭಾಗದ ನಡುವಿನ ರಿಬ್ಬನ್ ಮತ್ತೆ ಜೋಡಿಸಿ, ಸೆಲ್ ಹಾಕಿ, ಬಿಚ್ಚಿದ ಸ್ಥಿತಿಯಲ್ಲೇ ಆನ್ ಮಾಡಿದೆ. ಎಡಗಡೆಯ ಕಾಂಟ್ರಾಸ್ಟ್ ಗಾಲಿಯನ್ನು ಪೂರ್ತಿ ತಿರುಗಿಸಿದರೆ ಸ್ಕ್ರೀನ್ ಇಡೀ ಕಪ್ಪಾಗುತ್ತದೆ. ಸತ್ತ ಕಂಬಗಳು ಮಾತ್ರ ಬಿಳಿಯಾಗಿ ಉಳಿಯುತ್ತವೆ. ಕೆಲಸ ಮಾಡುತ್ತಲೇ ಫಲ ನೋಡಲು ಇದು ಸುಲಭ ದಾರಿ.

ಸೋಲ್ಡರಿಂಗ್ ಐರನ್ ಶಾಖ ಆದಷ್ಟು ಕಡಿಮೆ ಇಟ್ಟು, ಮೊನೆಯನ್ನು ಚಪ್ಪಟೆಯಾಗಿ ಮಲಗಿಸಿ, ಎಡದಿಂದ ಬಲಕ್ಕೆ ಸವರುತ್ತಾ ಹೋದೆ. ಒತ್ತಬಾರದು. ಒಂದೇ ಕಡೆ ನಿಲ್ಲಲೂಬಾರದು, ನಿಂತರೆ ರಿಬ್ಬನ್ ಕರಗುತ್ತದೆ. ಐರನ್ ಹೋದ ಹಾಗೆ ಒಂದೊಂದೇ ಗೀಟು ಕಪ್ಪಾಗುತ್ತಾ ಬಂದವು. ತಣ್ಣಗಾದಾಗ ಕೆಲವು ಮತ್ತೆ ಮಾಯ. ಮತ್ತೆ ಸವರಿದೆ. ಹೀಗೆ ಬಂದು ಹೋಗುವ ಆಟ ಬಹಳ ಹೊತ್ತು ನಡೆಯಿತು. ಪಕ್ಕದಲ್ಲಿ ಕೂತ ಗೆಳೆಯ "ಅದೋ ಆ ಮೂಲೇಲಿ ಇನ್ನೊಂದು" ಎಂದು ತೋರಿಸುತ್ತಲೇ ಇದ್ದ. ಕೊನೆಗೆ ಬಲ ತುದಿಯ ಎರಡು ಕಂಬ ಬಿಟ್ಟು ಉಳಿದವೆಲ್ಲ ನಿಂತವು. ಆ ಎರಡನ್ನು ಹಟ ಹಿಡಿದು ಕೆದಕಲು ಹೋಗಲಿಲ್ಲ. ಅಷ್ಟು ಅಂಚಿನಲ್ಲಿ ಟೆಟ್ರಿಸ್‌ಗೆ ಕೆಲಸವೇ ಇಲ್ಲ.

ಇಷ್ಟೆಲ್ಲ ಒದ್ದಾಡುವ ಬದಲು ಹೊಸ ಸ್ಕ್ರೀನ್ ಹಾಕಬಹುದಿತ್ತಲ್ಲ ಎಂದು ಗೆಳೆಯ ಮತ್ತೆ ಕೇಳಿದ. ನನ್ನ ವಾದ ಇದು. ಹಳೆಯ ಸ್ಕ್ರೀನಿಗೆ ತನ್ನದೇ ಬೆಳಕಿಲ್ಲ. ಕಿಟಕಿಯದೋ ದೀಪದ್ದೋ ಬೆಳಕು ಬಿದ್ದರೆ ಮಾತ್ರ ಆ ಪಾಚಿ ಹಸಿರಿನ ಮೇಲೆ ಚಿತ್ರ ಕಾಣುತ್ತದೆ. ಹಾಗಾಗಿ ಆಡುವವರು ಬೆಳಕು ಹುಡುಕಿಕೊಂಡು ಕೂರುತ್ತಿದ್ದರು. ಕೈಯನ್ನು ಇಷ್ಟೇ ಓರೆ ಹಿಡಿಯಬೇಕು ಎಂದು ಮೈಗೇ ಅಭ್ಯಾಸವಾಗುತ್ತಿತ್ತು. ಇನ್ನೊಂದು, ಈ ಸ್ಕ್ರೀನ್ ಬಹಳ ನಿಧಾನ. ಚುಕ್ಕಿ ಕಪ್ಪಾಗಲು, ಮತ್ತೆ ತಿಳಿಯಾಗಲು ಹೊತ್ತು ಹಿಡಿಯುತ್ತದೆ. ಸೂಪರ್ ಮಾರಿಯೊ ಲ್ಯಾಂಡ್‌ನಲ್ಲಿ ಓಡಿದರೆ ಹಿಂದೆ ಮಸುಕಾದ ಜಾಡು ಎಳೆಯುತ್ತದೆ. ಕೆಲವು ಆಟಗಳನ್ನು ಮಾಡಿದವರು ಇದನ್ನೇ ಬಳಸಿಕೊಂಡರು. ಒಂದು ಚಿತ್ರವನ್ನು ಒಂದು ಫ್ರೇಮ್ ತೋರಿಸಿ ಇನ್ನೊಂದು ಫ್ರೇಮ್ ಮರೆಸಿದರೆ, ನಿಧಾನದ ಸ್ಕ್ರೀನಿನಲ್ಲಿ ಅದು ಅರೆ ಪಾರದರ್ಶಕ ನೆರಳಾಗಿ ಕಾಣುತ್ತದೆ. ಚುರುಕಾದ ಹೊಸ ಸ್ಕ್ರೀನಿನಲ್ಲಿ ಅದೇ ನೆರಳು ಪಟಪಟ ಮಿಟುಕುತ್ತದೆ. ಮಾಡಿದವರು ಅಂದುಕೊಂಡದ್ದು ಅದಲ್ಲವಲ್ಲ.

ಇದು ಗೇಮ್ ಬಾಯ್‌ಗೆ ಮಾತ್ರ ಸೇರಿದ ಮಾತೂ ಅಲ್ಲ. 1978ರಲ್ಲಿ ತೊಮೊಹಿರೊ ನಿಶಿಕಾಡೊ ಮಾಡಿದ ಸ್ಪೇಸ್ ಇನ್ವೇಡರ್ಸ್ ಆಟ ನೆನಪಿಸಿಕೊಳ್ಳಿ. ಶತ್ರುಗಳು ಕಡಿಮೆಯಾದಂತೆ ಉಳಿದವರು ವೇಗವಾಗಿ ನುಗ್ಗುತ್ತಾರೆ. ಎದೆ ಡವಗುಟ್ಟುವುದು ಅಲ್ಲೇ. ಅದು ಮೊದಲು ಬಂದದ್ದು ಯಂತ್ರದ ಸೋಮಾರಿತನದಿಂದ. ಪರದೆಯ ತುಂಬ ಶತ್ರುಗಳಿದ್ದಾಗ ಎಲ್ಲರನ್ನೂ ಬಿಡಿಸಲು ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಸಂಖ್ಯೆ ಇಳಿದಾಗ ಹಗುರಾಗಿ ಓಡುತ್ತಿತ್ತು. ನಿಶಿಕಾಡೊ ಅದನ್ನು ಸರಿ ಮಾಡಲಿಲ್ಲ, ಹಾಗೇ ಉಳಿಸಿಕೊಂಡರು. ಯಂತ್ರದ ಕೊರತೆ ತೆಗೆದರೆ ಕೆಲವೊಮ್ಮೆ ಆಟದ ಮಜಾನೂ ಹೋಗುತ್ತದೆ.

ಗೆಳೆಯ ಪೂರ್ತಿ ಒಪ್ಪಲಿಲ್ಲ. "ರಾತ್ರಿ ಆಡೋದು ಹೇಗೆ ಮತ್ತೆ?" ಎಂದ. ಅದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವೂ ಇಲ್ಲ. ದೀಪದ ಕೆಳಗೆ ಕೂರಬೇಕು.

ಸದ್ದು

ಟೆಟ್ರಿಸ್ ನನಗೆ ಕಿವಿಯಿಂದಲೇ ಪರಿಚಯವಾದ ಆಟ. ದೊಡ್ಡಮ್ಮನ ಮಗ ಆಡುತ್ತಿದ್ದ, ನಾನು ಪಕ್ಕದಲ್ಲಿ. ಈ ಸ್ಕ್ರೀನನ್ನು ಓರೆಯಿಂದ ನೋಡಿದರೆ ಏನೂ ಸರಿಯಾಗಿ ಕಾಣುವುದಿಲ್ಲ. ಹಿಡಿದವರಿಗೆ ಮಾತ್ರ ಚಿತ್ರ, ಪಕ್ಕದವರಿಗೆ ಬರೀ ಸದ್ದು. ತುಂಡು ಕೂತಾಗ ಒಂದು ಸದ್ದು, ಸಾಲು ಹೋದಾಗ ಇನ್ನೊಂದು. ನಾಲ್ಕು ಸಾಲು ಒಟ್ಟಿಗೆ ಹೋದಾಗ ಬೇರೆಯೇ. ಅದು ಕೇಳಿಸಿದಾಗ ಏನೋ ದೊಡ್ಡದು ನಡೆಯಿತು ಎಂದು ಗೊತ್ತಾಗುತ್ತಿತ್ತು. "ಅಣ್ಣ, ನಂಗೊಂದ್ಸಲ ಕೊಡೋ" ಎಂದರೆ "ತಡಿಯೋ, ಇದು ಮುಗೀಲಿ" ಎನ್ನುತ್ತಿದ್ದ. ಅದು ಮುಗಿಯುವ ಆಟವೇ ಅಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಹಾಗಾಗಿ ಸ್ಪೀಕರ್ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಹಟ ಮಾಡಿದೆ. ಇಲ್ಲಿ ಸದ್ದು ಬರುತ್ತಿತ್ತು, ಆದರೆ ಕರಕರ ಎನ್ನುತ್ತಾ ಬಿಟ್ಟು ಬಿಟ್ಟು. ಮೊದಲ ಅನುಮಾನ ಬಲಗಡೆಯ ವಾಲ್ಯೂಮ್ ಗಾಲಿಯ ಮೇಲೆ. ತಿರುಗಿಸಿದಾಗ ಕರಕರ ಎಂದರೆ ಒಳಗೆ ಧೂಳು ಎಂದರ್ಥ. ಆಲ್ಕೋಹಾಲ್ ಬಿಟ್ಟು ಹತ್ತಾರು ಸಲ ತಿರುಗಿಸಿದಾಗ ಅದು ಹೋಯಿತು. ಬಿಟ್ಟು ಬಿಟ್ಟು ಬರುವುದು ಮಾತ್ರ ನಿಲ್ಲಲಿಲ್ಲ. ಕಾರಣ ಹೆಡ್‌ಫೋನ್ ಜಾಕ್. ಅದರಲ್ಲಿ ಪ್ಲಗ್ ಹಾಕಿದರೆ ಸ್ಪೀಕರ್ ಬಂದ್ ಮಾಡುವ ಪುಟ್ಟ ಸ್ವಿಚ್ ಇದೆ. ಅದು ಕಿಲುಬು ಹಿಡಿದರೆ ಯಂತ್ರಕ್ಕೆ ಹೆಡ್‌ಫೋನ್ ಹಾಕಿದ ಭ್ರಮೆ. ಪ್ಲಗ್‌ಗೆ ಆಲ್ಕೋಹಾಲ್ ಸವರಿ ಹಾಕಿ ತೆಗೆದು ಮಾಡಿದಾಗ ಸರಿಹೋಯಿತು. ಸ್ಪೀಕರ್ ಬದಲಿಸುವ ಮೊದಲು ಇದನ್ನು ನೋಡಿ.

ಸ್ಪೀಕರ್ ಒಂದೇ, ಹಾಗಾಗಿ ಮೋನೊ. ಹೆಡ್‌ಫೋನ್ ಹಾಕಿದರೆ ಸ್ಟೀರಿಯೊ. ಸ್ಕ್ರೀನಿನ ಮೇಲಿನ ಪಟ್ಟಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿರುವುದೂ ಅದನ್ನೇ. ನಾಲ್ಕು ಚಾನೆಲ್‌ಗಳಲ್ಲೇ ಎಲ್ಲ ಸಂಗೀತ. ಟೆಟ್ರಿಸ್‌ನ ಆ ರಷ್ಯನ್ ಜಾನಪದ ಧಾಟಿ ಹೆಡ್‌ಫೋನಿನಲ್ಲಿ ಬೇರೆಯೇ ಕೇಳಿಸುತ್ತದೆ. ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಮಾಸ್ಕೋದಲ್ಲಿ ಈ ಆಟ ಮಾಡಿದಾಗ ಅದರಲ್ಲಿ ಸಂಗೀತವೇ ಇರಲಿಲ್ಲ. ಆ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕೂಡ ಇರಲಿಲ್ಲ, ತುಂಡುಗಳನ್ನು ಬ್ರಾಕೆಟ್ ಚಿಹ್ನೆಗಳಲ್ಲಿ ತೋರಿಸಿದ್ದರು.

ಉಳಿದ ಚೂರುಪಾರು

ಬಟನ್‌ಗಳ ಕೆಳಗಿನ ರಬ್ಬರ್, ಅದು ತಾಗುವ ಬೋರ್ಡಿನ ಜಾಗ, ಎರಡನ್ನೂ ಒರೆಸಿದೆ. ಎಲ್ಲ ಸರಿಯಾಗಿ ಒತ್ತುತ್ತವೆ. ಪ್ಲಾಸ್ಟಿಕ್ಕಿನ ಹಳದಿ ಹಾಗೇ ಬಿಟ್ಟೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳುಪಾಗುತ್ತದೆ. ಆದರೆ ಹಚ್ಚುವುದರಲ್ಲಿ ಏರುಪೇರಾದರೆ ಪಟ್ಟೆ ಪಟ್ಟೆ.

ಗೆಳೆಯನ ಪೋಕೆಮಾನ್ ರೆಡ್ ಕಾರ್ಟ್ರಿಜ್ ಕೂಡ ಜೊತೆಗಿತ್ತು. ಹಾಕಿದರೆ ಆಟ ಬರುತ್ತದೆ, ಹಳೆಯ ಸೇವ್ ಇಲ್ಲ. ಈ ಕಾರ್ಟ್ರಿಜ್‌ನಲ್ಲಿ ಸೇವ್ ಉಳಿಯುವುದು ಒಳಗಿನ ಬಟನ್ ಸೆಲ್ಲಿನ ಕರೆಂಟಿನಿಂದ. ಸೆಲ್ ಸತ್ತರೆ ಸಾಕಿದ ಪೋಕೆಮಾನ್‌ಗಳೂ ಹೋದವು. ಹಳೆಯ ಸೆಲ್ ಬಿಡಿಸಿ, ಲೋಹದ ಪುಟ್ಟ ಪಟ್ಟಿ ಮೊದಲೇ ಬೆಸೆದು ಬಂದಿರುವ ಹೊಸದನ್ನು ಹಾಕಿದೆ. ಬರಿಯ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಸಿಡಿಯಬಹುದು. ಅಳತೆಯ ನಂಬರ್ ಹಳೆಯ ಸೆಲ್ಲಿನ ಮೇಲೇ ಬರೆದಿರುತ್ತದೆ. ಗೆಳೆಯ ಹೊಸದಾಗಿ ಆಟ ಶುರು ಮಾಡಿ, ಮೊದಲ ಪೋಕೆಮಾನ್ ಯಾವುದು ತೆಗೆದುಕೊಳ್ಳಲಿ ಎಂದು ಯೋಚಿಸುತ್ತಾ ಕೂತ. ಆ ಹೊತ್ತಿನಲ್ಲಿ ನಾನು ಸ್ಕ್ರೂಗಳನ್ನೆಲ್ಲ ಡಬ್ಬಿಗೆ ತುಂಬಿದೆ.

ಬಾಕಿ ಇರುವುದು ಎರಡು ಯಂತ್ರ ಜೋಡಿಸುವ ಪಕ್ಕದ ಲಿಂಕ್ ಪೋರ್ಟ್. ಒಳಗೆ ಹಸಿರು ಕಿಲುಬು ಕಾಣುತ್ತಿದೆ. ಒರೆಸಿದ್ದೇನೆ, ಆದರೆ ಪರೀಕ್ಷಿಸಲು ಇನ್ನೊಂದು ಗೇಮ್ ಬಾಯ್ ಬೇಕು, ಕೇಬಲ್ ಬೇಕು. ಮುಂದೆ ಬಂದ ಚಿಕ್ಕ ಗೇಮ್ ಬಾಯ್ ಪಾಕೆಟ್‌ನ ಕೇಬಲ್ ಇದಕ್ಕೆ ಕೂರುವುದಿಲ್ಲ, ಇದರ ಪ್ಲಗ್ ದೊಡ್ಡದು. ದೊಡ್ಡಮ್ಮನ ಮಗನ ಹತ್ತಿರ ಅವನ ಯಂತ್ರ ಇನ್ನೂ ಇದೆಯಂತೆ. ಕೇಬಲ್ ಸಿಕ್ಕರೆ ಇಬ್ಬರ ಟೆಟ್ರಿಸ್ ಹಾಕಿ ನೋಡಬೇಕು. ನಾನು ಹೆಚ್ಚು ಸಾಲು ಒಟ್ಟಿಗೆ ತೆಗೆದರೆ ಅವನ ಕಡೆ ಕೆಳಗಿನಿಂದ ಕಸ ಏಳುತ್ತದೆ. ಎದ್ದರೆ ಪೋರ್ಟ್ ಸರಿಯಿದೆ.